68ರಲ್ಲಿ ಊಡ್ನಡಟ್ಟಾ ಟ್ರ್ಯಾಕ್ ಓಡಿಸಬಹುದಾ? ಮಗ ಬೇಡ ಅಂತಾನೆ

ಅಡಿಲೇಡ್_ರಾಯರು

ಎಲ್ಲರಿಗೂ ನಮಸ್ಕಾರ. ನನಗೆ 68, ಹೆಂಡತಿಗೆ 64. ಅಡಿಲೇಡಿನಲ್ಲೇ ಕೆಲಸ ಮಾಡಿ ಇಲ್ಲೇ ನಿವೃತ್ತನಾದವನು. ದಕ್ಷಿಣ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಮರೀ ಊರಿನಿಂದ ಮಾರ್ಲಾವರೆಗಿನ ಊಡ್ನಡಟ್ಟಾ ಟ್ರ್ಯಾಕನ್ನು ನಾನೇ ಓಡಿಸಬೇಕು ಅನ್ನೋದು ಬಹಳ ದಿನದ ಆಸೆ. ಸುಮಾರು 620 ಕಿ.ಮೀ., ಎಲ್ಲಾ ಮಣ್ಣು, ಜಲ್ಲಿ. ಫೋರ್ ವೀಲ್ ಡ್ರೈವ್ ಗಾಡಿ ಇದೆ. ಬಲ ಮೊಣಕಾಲು ಸ್ವಲ್ಪ ತಕರಾರು, ಬಿಪಿ ಮಾತ್ರೆ ನುಂಗುತ್ತೇನೆ, ಮಿಕ್ಕಿದ್ದೆಲ್ಲ ಚೆನ್ನಾಗಿದೆ. ಬೇಸಿಗೆಗೆ ಹೋಗುವ ಹುಚ್ಚು ಇಲ್ಲ. ಇಲ್ಲಿ ಚಳಿಗಾಲ ಇರುವ ಜುಲೈನಲ್ಲಿ ಹೋಗಬೇಕು ಅಂದುಕೊಂಡಿದ್ದೇನೆ.

ಮಗ ಮಾತ್ರ "ಡಾಂಬರು ರಸ್ತೆಯಲ್ಲಿ ಎಲ್ಲಿಗೆ ಬೇಕಾದರೂ ಹೋಗಿ ಅಪ್ಪ, ಅದೊಂದು ಬೇಡ" ಅಂತ ಹಟ ಹಿಡಿದಿದ್ದಾನೆ. ಈ ವಯಸ್ಸಿನಲ್ಲಿ ಆ ಕಡೆ ಓಡಿಸಿದವರು ಯಾರಾದರೂ ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ. ಧೈರ್ಯ ತುಂಬುವ ಮಾತು ಬೇಡ.

ಗಿಬ್ಬರ್_ಕಲ್ಲು

ರಾಯರೇ, ನನಗೆ 71. ಮೆಲ್ಬರ್ನಿನಿಂದ ಆ ಕಡೆ ಓಡಾಡುವವನು. ಇದ್ದದ್ದು ಇದ್ದ ಹಾಗೆ ಹೇಳಿ ಅಂದಿದ್ದೀರಿ, ಹೇಳುತ್ತೇನೆ.

ಒಣಗಿದ್ದಾಗ ಆ ರಸ್ತೆ ಓಡಿಸೋದು ಕಷ್ಟವೇ ಅಲ್ಲ. ಅಗಲ ಇದೆ, ಆಗಾಗ ಗ್ರೇಡರ್ ಬಂದು ಸಮ ಮಾಡಿ ಹೋಗುತ್ತದೆ. ಎದುರಿಗೆ ಸಿಗುವವರಲ್ಲಿ ಅರ್ಧ ಜನ ನಮ್ಮ ಹಾಗೆ ತಲೆ ಬೆಳ್ಳಗಾದವರೇ. ಇಲ್ಲಿನವರು 'ಗ್ರೇ ನೋಮ್ಯಾಡ್ಸ್' ಅಂತ ಕರೆಯೋದು ಅವರನ್ನೇ ಅಲ್ವಾ? ಸ್ಟಿಯರಿಂಗ್ ಹಿಡಿದು ಕೂತಷ್ಟು ಹೊತ್ತು ನಿಮಗೂ ನಿಮ್ಮ ಮಗನಿಗೂ ಏನೂ ವ್ಯತ್ಯಾಸ ಇಲ್ಲ. ವ್ಯತ್ಯಾಸ ಶುರುವಾಗೋದು ಟೈರ್ ಹೋದಾಗ.

ಗಿಬ್ಬರ್ ಅಂದರೆ ಆ ಬಯಲಲ್ಲಿ ಹಾಸಿದ ಹಾಗೆ ಬಿದ್ದಿರುವ ಕೆಂಪು ಕಲ್ಲು. ನೋಡೋಕೆ ನುಣ್ಣಗೆ, ಒಡೆದ ಅಂಚು ಮಾತ್ರ ಹರಿತ. ಟೈರಿನ ಪಕ್ಕದ ಗೋಡೆ ಸೀಳಿದರೆ ಪ್ಲಗ್ ನಿಲ್ಲಲ್ಲ, ಸ್ಟೆಪ್ನಿಯೇ ಗತಿ. ನಿಮ್ಮ ಗಾಡಿಯ ಸ್ಟೆಪ್ನಿ ಎಲ್ಲಿದೆ? ಹಿಂದಿನ ಬಾಗಿಲ ಮೇಲಿದ್ದರೆ ಪುಣ್ಯವಂತರು. ಅಡಿಯಲ್ಲಿ ತೂಗುಹಾಕಿದ್ದರೆ ಮುಂದಿನದನ್ನು ನಿಧಾನವಾಗಿ ಓದಿ.

ಹಿಂದಿನ ಬಂಪರಿನಲ್ಲಿ ಒಂದು ತೂತು ಇರುತ್ತದೆ. ಅದರೊಳಗೆ ಉದ್ದದ ರಾಡ್ ತೂರಿಸಿ, ಕಣ್ಣಿಗೆ ಕಾಣದ ಕೊಕ್ಕೆಗೆ ಸಿಕ್ಕಿಸಿ ತಿರುಗಿಸಬೇಕು. ಸರಪಳಿ ಸಡಿಲ ಆಗಿ ಚಕ್ರ ಕೆಳಗೆ ಇಳಿಯುತ್ತದೆ. ಊರಲ್ಲಿ ಎರಡು ನಿಮಿಷದ ಕೆಲಸ. ಅಲ್ಲಿ 200 ಕಿ.ಮೀ. ಧೂಳು ಕುಡಿದ ಮೇಲೆ ಆ ಕೊಕ್ಕೆ ಹಿಟ್ಟು ತುಂಬಿದ ಹಾಗೆ ಬಿಗಿದಿರುತ್ತದೆ. ಆಗ ನೆಲದ ಮೇಲೆ ಅಂಗಾತ ಮಲಗಿ, ಗಾಡಿ ಅಡಿಗೆ ತೂರಿ, ಬ್ರಶ್ಶಿನಿಂದ ಉಜ್ಜಬೇಕು. ಆಮೇಲೆ ಜಾಕ್. ಮೆತ್ತಗಿನ ಮಣ್ಣಿನಲ್ಲಿ ಜಾಕ್ ಗಾಡಿಯನ್ನು ಎತ್ತುವ ಬದಲು ತಾನೇ ಕೆಳಗೆ ಹೋಗುತ್ತದೆ, ಅದಕ್ಕೇ ದಪ್ಪನೆಯ ಹಲಗೆ ಜೊತೆಗಿರಬೇಕು. ಆಮೇಲೆ ಸುಮಾರು 30 ಕೆ.ಜಿ. ತೂಕದ ಚಕ್ರವನ್ನು ಬೋಲ್ಟಿಗೆ ಸರಿಯಾಗಿ ಕೂರಿಸಬೇಕು. ಎತ್ತಲು ಹೋಗಬೇಡಿ, ಸೊಂಟ ಹಿಡಿದರೆ ಪ್ರವಾಸ ಅಲ್ಲಿಗೇ ಮುಗಿಯಿತು. ಚಕ್ರದ ಅಡಿಗೆ ಸಲಿಕೆ ಕೊಟ್ಟು, ಸಲಿಕೆಯ ಹಿಡಿಯನ್ನು ಕಾಲಲ್ಲಿ ಒತ್ತಿ. ಚಕ್ರ ತಾನಾಗಿ ಮೇಲೇಳುತ್ತದೆ. ಕೈ ಇರೋದು ತೂತು ನೇರ ಮಾಡೋಕೆ ಮಾತ್ರ.

ಇದಿಷ್ಟನ್ನೂ ಮನೆ ಮುಂದೆ ಒಂದು ಸಲ ಒಬ್ಬರೇ ಮಾಡಿ. ಯಾರೂ ಕೈ ಜೋಡಿಸಬಾರದು. ಆದರೆ ಸೈ. ಆಗದಿದ್ದರೂ ಆಸೆ ಬಿಡಬೇಕಿಲ್ಲ, ಒಬ್ಬರೇ ಹೋಗಬಾರದು ಅಷ್ಟೇ. ಎರಡು ಗಾಡಿ ಮಾಡಿಕೊಂಡು ಹೋಗಿ.

ಹುಬ್ಬಳ್ಳಿ_ಹುಡುಗ

ಹುಡುಗ ಅಂತ ಹೆಸರು ಇಟ್ಟುಕೊಂಡಾಗ ಹುಡುಗನೇ ಆಗಿದ್ದೆರೀ, ಈಗ 59. ಪರ್ತ್‌ನಲ್ಲಿ ಗಣಿ ಕೆಲಸ. ಗಾಳಿ ವಿಷಯ ಯಾರೂ ಹೇಳಿಲ್ಲ, ಅದನ್ನು ಹೇಳುತ್ತೇನೆ.

ಡಾಂಬರಿನಲ್ಲಿ 36ರಿಂದ 40 ಪಿಎಸ್‌ಐ ಇಟ್ಟುಕೊಂಡು ಓಡಿಸುವ ಟೈರನ್ನು ಜಲ್ಲಿಗೆ ಇಳಿದ ತಕ್ಷಣ 26-28ಕ್ಕೆ ಇಳಿಸಿ. ಸಾಮಾನು ಜಾಸ್ತಿ ಇದ್ದರೆ ಹಿಂದಿನ ಚಕ್ರಕ್ಕೆ ಒಂದೆರಡು ಜಾಸ್ತಿ ಇರಲಿ. ಮೆತ್ತಗಿನ ಟೈರ್ ಕಲ್ಲಿನ ಮೇಲೆ ಬಗ್ಗುತ್ತದೆ, ಗಟ್ಟಿ ಟೈರ್ ಸೀಳುತ್ತದೆ. ಸೊಂಟಕ್ಕೂ ಒಳ್ಳೆಯದು. ಆದರೆ ಗಾಳಿ ಇಳಿಸಿದ ಮೇಲೆ ವೇಗವನ್ನೂ ಇಳಿಸಲೇಬೇಕು. ಇಲ್ಲದಿದ್ದರೆ ಟೈರ್ ಕಾದು ಹೋಗುತ್ತದೆ. ವಾಪಸ್ ಡಾಂಬರಿಗೆ ಬಂದಾಗ ತುಂಬಿಸಲು ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಸಾಕು.

ಇನ್ನು ಕರುಗೇಶನ್, ಅಂದರೆ ಮಣ್ಣು ರಸ್ತೆಯ ಮೇಲೆ ಏಳುವ ಸಾಲು ಸಾಲು ಅಲೆ. ಜಿಂಕ್ ಶೀಟ್ ಮೇಲೆ ಓಡಿಸಿದ ಹಾಗೆ ಗಡಗಡ ಅನ್ನುತ್ತಲ್ಲ, ಅದು. ಜನ ಲಾರಿಯವರನ್ನು ಬೈಯುತ್ತಾರೆ, ಸಸ್ಪೆನ್ಶನ್ ಬೈಯುತ್ತಾರೆ. ಪ್ರಯೋಗ ಮಾಡಿ ನೋಡಿದವರಿಗೆ ಕಂಡದ್ದೇ ಬೇರೆ. ಸಸ್ಪೆನ್ಶನ್ ಇಲ್ಲದ ಬರೀ ಗಟ್ಟಿ ಚಕ್ರ ಉರುಳಿಸಿದರೂ ಒಣ ಮರಳಿನಲ್ಲಿ ಆ ಅಲೆ ಏಳುತ್ತದೆ. ಒಂದು ಮಿತಿಗಿಂತ ನಿಧಾನಕ್ಕೆ ಉರುಳಿಸಿದರೆ ಮಾತ್ರ ಏಳಲ್ಲ. ಆ ಮಿತಿ ಎಷ್ಟು ಕಡಿಮೆ ಅಂದರೆ ಯಾವ ಮನುಷ್ಯನೂ ಅಷ್ಟು ನಿಧಾನ 600 ಕಿ.ಮೀ. ಓಡಿಸಲಾರ.

80ರಲ್ಲಿ ಹೋದರೆ ಅಲೆಯ ತುದಿ ತುದಿ ಮೇಲೆ ತೇಲಿಕೊಂಡು ಹೋಗುತ್ತದೆ, ಮೈಗೆ ಗೊತ್ತಾಗಲ್ಲ. ನಾನು ಹಾಗೇ ಓಡಿಸೋದು.

ಗಿಬ್ಬರ್_ಕಲ್ಲು

ಕೊನೆಯ ಸಾಲಿಗೆ ನನ್ನ ಒಪ್ಪಿಗೆ ಇಲ್ಲ. ತೇಲುತ್ತದೆ ಅಂದರೆ ಚಕ್ರ ಅರ್ಧ ಹೊತ್ತು ನೆಲ ಮುಟ್ಟುತ್ತಿಲ್ಲ ಅಂತ ಅರ್ಥ. ನೆಲ ಮುಟ್ಟದ ಚಕ್ರಕ್ಕೆ ಬ್ರೇಕ್ ಎಲ್ಲಿಂದ, ತಿರುವು ಎಲ್ಲಿಂದ? ನೇರ ರಸ್ತೆಯಲ್ಲಿ ಸರಿ. ಮುಂದೆ ದನದ ಗ್ರಿಡ್ (ದನ ದಾಟದ ಹಾಗೆ ರಸ್ತೆಗೆ ಅಡ್ಡ ಹಾಕಿದ ಕಬ್ಬಿಣದ ಸರಳು) ಬಂತು, ಇಲ್ಲ ಒಣ ತೊರೆಯ ಇಳಿಜಾರು ಬಂತು, ಆಗ? ಅಲ್ಲಿ ಗಾಡಿಗಳು ಉರುಳೋದು ಹೆಚ್ಚಾಗಿ ಹೀಗೇ. ಒಬ್ಬರೇ ಹೋಗಿರುತ್ತಾರೆ, ಯಾರೂ ಗುದ್ದಿರಲ್ಲ. ಸ್ಟಿಯರಿಂಗ್ ಜಾಸ್ತಿ ಎಳೆದಿರುತ್ತಾರೆ, ಅಷ್ಟೇ.

60-65ರಲ್ಲಿ ಹೋಗಿ. ಮರೀಯಿಂದ ವಿಲಿಯಂ ಕ್ರೀಕ್ 200 ಚಿಲ್ಲರೆ ಕಿ.ಮೀ., ಅಲ್ಲಿಂದ ಊಡ್ನಡಟ್ಟಾ ಹತ್ತಿರ ಹತ್ತಿರ ಅಷ್ಟೇ, ಅಲ್ಲಿಂದ ಮಾರ್ಲಾ ಮತ್ತೆ ಅಷ್ಟೇ. ಮೂರೂ ಕಡೆ ಡೀಸೆಲ್, ಊಟ, ಮಲಗಲು ಜಾಗ ಸಿಗುತ್ತದೆ. ದಿನಕ್ಕೆ ಒಂದು ತುಂಡು ಸಾಕು. ನಾಲ್ಕು ಗಂಟೆಯ ಓಟ, ಮಿಕ್ಕ ಹೊತ್ತು ನೋಡೋದು. ಅವಸರ ಮಾಡುವವರಿಗೆ ರಜೆ ಮುಗಿಯುವ ಭಯ. ನಮಗೇನು ಸೋಮವಾರ ಆಫೀಸ್ ಇದೆಯಾ? ಮಳೆ ಬಿದ್ದರೆ ರಸ್ತೆ ಮುಚ್ಚುತ್ತಾರೆ. ಮುಚ್ಚಿದ ರಸ್ತೆಗೆ ಇಳಿದರೆ ಭಾರಿ ದಂಡ. ನಮ್ಮ ವಯಸ್ಸಿನವರು ವಿಲಿಯಂ ಕ್ರೀಕಿನ ಹೋಟೆಲಿನಲ್ಲಿ ಎರಡು ದಿನ ಇಸ್ಪೀಟ್ ಆಡಿಕೊಂಡು ಕೂರಬಹುದು. ಮೂವತ್ತರ ಹುಡುಗರಿಗೆ ಅದು ಆಗಲ್ಲ, ಕೆಸರಿಗೆ ನುಗ್ಗುತ್ತಾರೆ. ಆ ರಸ್ತೆಗೆ ಬೇಕಾಗಿರೋದು ಈ ತಾಳ್ಮೆ. ರಾಯರ ಮಗನಿಗೆ ಇದನ್ನೂ ಹೇಳಿ.

ಸಿಡ್ನಿ_ಮಗಳು

ಅಂಕಲ್, ನಾನು ನಿಮ್ಮ ಮಗನ ಪಕ್ಷ. ನಮ್ಮಪ್ಪನಿಗೂ ಇದೇ ಹುಚ್ಚು. ನಮಗೆ ಭಯ ರಸ್ತೆಯದ್ದಲ್ಲ. ಫೋನ್ ಸಿಗದ ಜಾಗದಲ್ಲಿ ಎದೆ ನೋವು ಬಂದರೆ? ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರು ಏನು ಮಾಡಬೇಕು? ಇದಕ್ಕೆ ಉತ್ತರ ಇಲ್ಲದೆ "ನನಗೇನೂ ಆಗಲ್ಲ ಬಿಡು" ಅಂದರೆ ನಾವು ಒಪ್ಪಬೇಕಾ?

ಎಡಗಡೆ_ಸೀಟ್

ಈ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ ಮಗಳೇ. ನನ್ನ ಹೆಸರೇ ಹೇಳುತ್ತದೆ ನಾನು ಎಲ್ಲಿ ಕೂರುವವಳು ಅಂತ. ವಯಸ್ಸು 66, ಅಲಿಸ್ ಸ್ಪ್ರಿಂಗ್ಸ್ ಕಡೆ ಬಹಳ ವರ್ಷ ಇದ್ದೆವು.

ರಾಯರೇ, ಇಷ್ಟು ಹೊತ್ತು ಎಲ್ಲರೂ ನಿಮ್ಮ ಮೊಣಕಾಲು, ನಿಮ್ಮ ಸೊಂಟ, ನಿಮ್ಮ ಟೈರ್ ಅಂತ ಮಾತಾಡಿದರು. ನಿಮ್ಮ ಮನೆಯವರ ಬಗ್ಗೆ ನೀವು ಬರೆದಿರೋದು 64 ಅನ್ನೋ ಅಂಕಿ ಒಂದೇ. ಅವರು ಆ ಗಾಡಿ ಓಡಿಸುತ್ತಾರಾ? ಸೂಪರ್ ಮಾರ್ಕೆಟಿಗೆ ಅಲ್ಲ, ಜಲ್ಲಿ ಮೇಲೆ. ಫೋರ್ ವೀಲ್ ಹಾಕೋದು ಎಲ್ಲಿ ಅಂತ ಗೊತ್ತಾ? ನಿಮಗೆ ತಲೆ ಸುತ್ತಿ ಕೂತರೆ ಗಾಡಿಯನ್ನು ಮುಂದಿನ ಊರಿಗೆ ಮುಟ್ಟಿಸಬೇಕಾದವರು ಅವರೇ ತಾನೇ? ಒಬ್ಬರೇ ಓಡಿಸಬಲ್ಲ ಗಾಡಿಯಲ್ಲಿ ಇಬ್ಬರು ವಯಸ್ಸಾದವರು ಅಲ್ಲಿಗೆ ಹೋಗಲೇಬಾರದು. ನನ್ನ ಮಾತು ಖಾರ ಅನ್ನಿಸಿದರೆ ಅನ್ನಿಸಲಿ.

ನಾವು ಮಾಡೋದು ಹೀಗೆ. ಗಂಟೆಗೊಮ್ಮೆ ಸೀಟ್ ಬದಲು. ಇಬ್ಬರಿಗೂ ಬೆನ್ನು ಸಡಿಲ ಆಗುತ್ತದೆ, ಇಬ್ಬರಿಗೂ ರಸ್ತೆಯ ಅಂದಾಜು ಸಿಗುತ್ತದೆ. ತುರ್ತು ಬೀಕನ್, ಇಲ್ಲಿ ಪಿಎಲ್‌ಬಿ ಅನ್ನುತ್ತಾರಲ್ಲ, ಅದು ಡ್ರೈವರ್ ಬಾಗಿಲ ಗೂಡಿನಲ್ಲಿ ಇರುತ್ತದೆ. ಅದನ್ನು ಬಿಚ್ಚಿ ಆಂಟೆನಾ ಎಳೆಯೋದು ಹೇಗೆ ಅಂತ ಇಬ್ಬರೂ ಕಲಿತಿದ್ದೇವೆ. ಸುಮ್ನೆ ಒತ್ತಬಾರದು, ಒತ್ತಿದರೆ ನಿಜವಾಗಿಯೂ ಹುಡುಕಿಕೊಂಡು ಬರುತ್ತಾರೆ. 406 ಮೆಗಾಹರ್ಟ್ಸ್‌ನ ಬೀಕನ್ನನ್ನು ಸರ್ಕಾರದಲ್ಲಿ ನೋಂದಾಯಿಸಬೇಕು, ಅದಕ್ಕೆ ದುಡ್ಡಿಲ್ಲ. ಮಕ್ಕಳ ಫೋನ್ ನಂಬರ್, ಹೋಗುವ ದಾರಿ ಎರಡನ್ನೂ ಅಲ್ಲೇ ಬರೆದಿಡಬಹುದು. ಹೊಸ ಐಫೋನ್‌ಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು. ಇರಲಿ, ಒಳ್ಳೆಯದೇ. ಆದರೆ ಫೋನ್ ಚಾರ್ಜ್ ಮುಗಿಯುತ್ತದೆ, ಬೀಕನ್ ಬ್ಯಾಟರಿ ವರ್ಷಗಟ್ಟಲೆ ಇರುತ್ತದೆ.

ಹೊರಡುವಾಗ ಮಗಳಿಗೆ "ಇಂಥಾ ಊರು ಮುಟ್ಟಿದ ಮೇಲೆ ಫೋನ್ ಮಾಡುತ್ತೇವೆ, ಮಾರನೇ ದಿನ ಮಧ್ಯಾಹ್ನದವರೆಗೂ ಮಾಡದಿದ್ದರೆ ಪೊಲೀಸರಿಗೆ ಹೇಳು" ಅಂತ ಬರೆದು ಕೊಡುತ್ತೇವೆ. ಇಂತಿಷ್ಟು ಹೊತ್ತು ಅಂತ ಇದ್ದರೆ ಮಕ್ಕಳೂ ನಿದ್ದೆ ಮಾಡುತ್ತಾರೆ.

ಎದೆ ನೋವಿನ ಪ್ರಶ್ನೆಗೆ ಬರೋಣ. ಫ್ಲೈಯಿಂಗ್ ಡಾಕ್ಟರ್ ಸೇವೆ 1928ರಿಂದ ಇದೆ, ಆ ಬಯಲಿನ ಜನ ಬದುಕಿರೋದೇ ಅವರಿಂದ. ಆದರೆ ವಿಮಾನ ಬರಲು ಗಂಟೆಗಳು ಬೇಕು. ಆರು ತಿಂಗಳ ಒಳಗೆ ಹೃದಯದ ತೊಂದರೆ ಆಗಿದ್ದರೆ ನಾನು ಹೋಗಿ ಅನ್ನಲ್ಲ. ಅದಕ್ಕೆ ಬೀಕನ್ ಪರಿಹಾರ ಅಲ್ಲ.

ಇನ್ನೊಂದು, ಗಾಡಿ ಕೆಟ್ಟರೆ ಗಾಡಿ ಬಿಟ್ಟು ನಡೆಯಬಾರದು. ಗಂಡಸರಿಗೆ ಕೂರೋಕೆ ಆಗಲ್ಲ, "ಒಂದು ಸ್ವಲ್ಪ ಮುಂದೆ ನೋಡಿ ಬರ್ತೀನಿ" ಅಂತಾರೆ. ಬಿಡಬೇಡಿ. ಮೇಲಿಂದ ಹುಡುಕುವವರಿಗೆ ಗಾಡಿ ಕಾಣುತ್ತದೆ, ಮನುಷ್ಯ ಕಾಣಲ್ಲ.

ಸಿಡ್ನಿ_ಮಗಳು

ಥ್ಯಾಂಕ್ಸ್ ಆಂಟಿ. ಮಾರನೇ ದಿನ ಮಧ್ಯಾಹ್ನದ ಲೆಕ್ಕ ನಮ್ಮಪ್ಪನ ಕೈಲೂ ಬರೆಸಿಕೊಳ್ಳುತ್ತೇನೆ.

ಹಳ್ಳಿ_ವೈದ್ಯ

ನ್ಯೂ ಸೌತ್ ವೇಲ್ಸ್‌ನ ಒಳನಾಡಿನಲ್ಲಿ ಡಾಕ್ಟರ್. ಇದನ್ನು ನಿಮ್ಮ ಡಾಕ್ಟರ ಮಾತಿನ ಬದಲಿಗೆ ಅಂತ ತಿಳಿಯಬೇಡಿ, ಅವರಿಗೆ ಕೇಳಬೇಕಾದ ಪ್ರಶ್ನೆ ಅಂತ ತಿಳಿಯಿರಿ.

ಮೊದಲು ಕಣ್ಣು. 60 ದಾಟಿದವರ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕು 20ರ ಹುಡುಗರ ಮೂರನೇ ಒಂದು ಭಾಗ ಮಾತ್ರ. ಪೊರೆ ಶುರುವಾಗಿದ್ದರೆ ಎದುರು ಬಿಸಿಲಿನಲ್ಲಿ ಎಲ್ಲವೂ ಹಾಲು ಚೆಲ್ಲಿದ ಹಾಗೆ ಕಾಣುತ್ತದೆ. ಈಗ ನಕ್ಷೆ ನೋಡಿ. ಮರೀಯಿಂದ ಮಾರ್ಲಾ ಕಡೆ ಹೋಗೋದು ವಾಯವ್ಯ ದಿಕ್ಕಿಗೆ. ಜುಲೈನಲ್ಲಿ ಇಲ್ಲಿ ಸೂರ್ಯ ಉತ್ತರದ ಕಡೆ ವಾಲಿರುತ್ತಾನೆ, ಮಧ್ಯಾಹ್ನದ ಮೇಲೆ ಸರಿಯಾಗಿ ವಾಯವ್ಯಕ್ಕೇ ಇಳಿಯುತ್ತಾನೆ. ಮೂರು ಗಂಟೆಯ ಮೇಲೆ ಓಡಿಸಿದರೆ ಪೂರ್ತಿ ಮುಖಕ್ಕೇ ಬಿಸಿಲು, ಜೊತೆಗೆ ಎದುರಿನ ಗಾಡಿಯ ಧೂಳು. ಮಾರ್ಲಾದಿಂದ ಮರೀ ಕಡೆಗೆ ಬಂದರೆ ಈ ತೊಂದರೆ ಇಲ್ಲ. ಪೊರೆ ಇರುವವರು ಟ್ರ್ಯಾಕನ್ನು ಉಲ್ಟಾ ಓಡಿಸಿ. ಇಲ್ಲದವರೂ ಬೆಳಗ್ಗೆ ಒಂಬತ್ತಕ್ಕೆ ಹೊರಟು ಮೂರರೊಳಗೆ ನಿಲ್ಲಿಸಿ. ಅದಕ್ಕೆ ಮೊದಲೂ ಆಮೇಲೂ ಕಾಂಗರೂ, ಎಮು, ದನ ರಸ್ತೆಗೆ ಬರುವ ಹೊತ್ತು.

ಎರಡನೆಯದು ಯಾರೂ ಬಾಯಿಬಿಟ್ಟು ಹೇಳದ ವಿಷಯ. ಪದೇ ಪದೇ ಗಾಡಿ ನಿಲ್ಲಿಸಬೇಕಾಗುತ್ತದೆ ಅಂತ ನಮ್ಮ ವಯಸ್ಸಿನವರು ನೀರು ಕುಡಿಯೋದೇ ಬಿಡುತ್ತಾರೆ. ಒಣ ಹವೆ, ಬಿಪಿಗೆ ಕೊಡುವ, ಮೂತ್ರ ಜಾಸ್ತಿ ಮಾಡುವ ಮಾತ್ರೆ, ನೀರು ಕಡಿಮೆ, ಮೂರೂ ಸೇರಿದರೆ ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ. ಚಳಿಗಾಲ ಅಂತ ಬಾಯಾರಿಕೆ ಗೊತ್ತಾಗಲ್ಲ. ಕುಡಿಯಿರಿ, ನಿಲ್ಲಿಸಿ. ಪೊದೆಗೇನು ಬರ ಇಲ್ಲ ಅಲ್ಲಿ. ತಲೆಗೆ ದಿನಕ್ಕೆ ಐದು ಲೀಟರ್‌ಗಿಂತ ಕಡಿಮೆ ಒಯ್ಯಬೇಡಿ, ಅದರ ಮೇಲೆ ಮೂರು ದಿನದಷ್ಟು ಜಾಸ್ತಿ ಇರಲಿ.

ಇನ್ಸುಲಿನ್ ತೆಗೆದುಕೊಳ್ಳುವವರು ಬಿಸಿಗೆ ಹೆದರುತ್ತಾರೆ. ಜುಲೈ ರಾತ್ರಿ ಅಲ್ಲಿ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಒಂದು ಸಲ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗ ಇಲ್ಲ. ರಾತ್ರಿ ಗಾಡಿಯಲ್ಲಿ ಬಿಡದೆ ಹಾಸಿಗೆಯ ಪಕ್ಕ ಇಟ್ಟುಕೊಳ್ಳಿ.

ಲೈಸೆನ್ಸ್ ಇದ್ದರೆ ಎಲ್ಲಾ ಸರಿ ಅಂತ ಭಾವಿಸಬೇಡಿ. ನಮ್ಮ ರಾಜ್ಯದಲ್ಲಿ 75ಕ್ಕೆ ವರ್ಷವರ್ಷ ವೈದ್ಯಕೀಯ ಪರೀಕ್ಷೆ, ಪಕ್ಕದ ವಿಕ್ಟೋರಿಯಾದಲ್ಲಿ ವಯಸ್ಸಿನ ಮೇಲೆ ಪರೀಕ್ಷೆಯೇ ಇಲ್ಲ. ಗಡಿ ದಾಟಿದರೆ ಮೈ ಬದಲಾಗುತ್ತದಾ?

ಮಸ್ಕತ್_ಕುಡ್ಲ

ಸೂಪರ್ ಚರ್ಚೆ. ನಾನು ಒಮಾನಿನಲ್ಲಿ, 61. ನಾವು ಇಲ್ಲಿ ಶರ್ಕಿಯಾ ಮರಳಿಗೆ ಹೋಗುವಾಗ 15-18 ಪಿಎಸ್‌ಐಗೆ ಇಳಿಸುತ್ತೇವೆ, ಅಂಗಡಿಯವರೇ ಇಳಿಸಿ ಕೊಡುತ್ತಾರೆ. ಮರಳಿನಲ್ಲಿ ಟೈರ್ ಸೀಳೋದು ಕಡಿಮೆ, ಹೂತು ಹೋಗೋದು ಜಾಸ್ತಿ. ನಿಮ್ಮ ಲೇಕ್ ಐರ್ ಉಪ್ಪಿನ ಬಯಲಿಗೆ ಗಾಡಿ ಇಳಿಸಬಹುದಾ? ಅಲ್ಲಿ ಕಾರಿನ ವೇಗದ ದಾಖಲೆ ಆಗಿದೆ ಅಂತ ಕೇಳಿದ್ದೇನೆ.

ಗಿಬ್ಬರ್_ಕಲ್ಲು

ದಾಖಲೆ ಆಗಿದ್ದು ಹೌದು. 1964ರ ಜುಲೈನಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಗಂಟೆಗೆ 648 ಕಿ.ಮೀ. ದಾಟಿದ. ಹಿಂದಿನ ವರ್ಷ ಮಳೆ ಬಂದು ಕೆಡಿಸಿತ್ತು. ಆದರೆ ನಾವು ಇಳಿಸೋ ಹಾಗಿಲ್ಲ. ಅದು ಅರಬಾನ ಜನರ ಪವಿತ್ರ ಜಾಗ, ಕಾಟಿ ತಂಡಾ ಅಂತ ಅವರ ಹೆಸರು. ಹೋಗಲಿ, ಬಿಟ್ಟರೂ ಇಳಿಸಬೇಡಿ. ಮೇಲೆ ಬಿಳಿ ಪದರ, ಅಡಿಯಲ್ಲಿ ಕಪ್ಪು ಕೆಸರು. ಸಮುದ್ರ ಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿನ ಜಾಗ, ನೀರು ಬಂದರೆ ಹೋಗೋಕೆ ದಾರಿ ಇಲ್ಲ. 2025ರಲ್ಲಿ ಕ್ವೀನ್ಸ್‌ಲ್ಯಾಂಡಿನ ಪ್ರವಾಹದ ನೀರೆಲ್ಲ ಅಲ್ಲಿಗೇ ಬಂತು. ನೋಡಲೇಬೇಕು ಅಂದರೆ ವಿಲಿಯಂ ಕ್ರೀಕಿನಿಂದ ಸಣ್ಣ ವಿಮಾನ ಹಾರುತ್ತದೆ. ಟ್ರ್ಯಾಕಿನ ಪಕ್ಕದಿಂದ ದಕ್ಷಿಣದ ಭಾಗ ಕಾಣುತ್ತದೆ, ನನಗೆ ಅಷ್ಟೇ ಸಾಕು.

ಅಡಿಲೇಡ್_ರಾಯರು

ಎಲ್ಲರಿಗೂ ಧನ್ಯವಾದ. ಭಾನುವಾರ ಗಿಬ್ಬರ್ ಅವರು ಹೇಳಿದ ಪರೀಕ್ಷೆ ಮಾಡಿದೆವು. ಸ್ಟೆಪ್ನಿ ಇರೋದು ಗಾಡಿಯ ಅಡಿಯಲ್ಲೇ. ರಾಡ್ ಸಿಕ್ಕಿತು, ಚಕ್ರ ಇಳಿಯಿತು. ಸಲಿಕೆಯ ಉಪಾಯ ಚೆನ್ನಾಗಿ ಕೆಲಸ ಮಾಡಿತು. ನಾನು ಎಣಿಸದ ಎರಡು ತೊಂದರೆ ಬಂದವು. ಒಂದು, ಮಲಗೋದು ಸುಲಭ, ಏಳೋಕೆ ಬಂಪರ್ ಹಿಡಿದು ಒದ್ದಾಡಬೇಕಾಯಿತು. ಎರಡನೆಯದು ನಟ್. ಹೊಸ ಟೈರ್ ಹಾಕಿದ ಅಂಗಡಿಯವರು ಗಾಳಿ ಗನ್ನಿನಲ್ಲಿ ಎಷ್ಟು ಬಿಗಿದಿದ್ದರು ಅಂದರೆ, ಗಾಡಿ ಜೊತೆ ಬಂದ ಗಿಡ್ಡ ಪಾನಾದ ಮೇಲೆ ನಾನು ನಿಂತೇ ಬಿಟ್ಟೆ, ಆದರೂ ಅಲ್ಲಾಡಲಿಲ್ಲ. ನನ್ನ ಹೆಂಡತಿ ಪಕ್ಕದ ಮನೆಯಿಂದ ಉದ್ದದ ಬಾರ್ ತಂದು ಒಂದೇ ಒತ್ತಿಗೆ ಬಿಚ್ಚಿದಳು. ಆಮೇಲೆ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯಲಾರೆ.

ಅವಳ ಶರತ್ತು: ಅರ್ಧ ಅವಳೇ ಓಡಿಸುತ್ತಾಳೆ. ಒಪ್ಪಿದ್ದೇನೆ. ಕಣ್ಣಿನ ಪರೀಕ್ಷೆಗೂ ಹೋಗುತ್ತೇನೆ.

ದಾರಿಯಲ್ಲಿ ನಿಲ್ಲಲೇಬೇಕಾದ ಜಾಗ ಹೇಳಿ. ಕ್ಯಾರವಾನ್ ಎಳೆದುಕೊಂಡು ಹೋಗಬಹುದಾ?

ಹುಬ್ಬಳ್ಳಿ_ಹುಡುಗ

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ಉದ್ದದ ಬಾರ್ ಪಕ್ಕದ ಮನೆಗೆ ವಾಪಸ್ ಕೊಡಬೇಡಿ, ಇಲ್ಲ ಹೊಸದು ತಗೊಳ್ಳಿ. ನಟ್‌ಗಳನ್ನು ಒಮ್ಮೆ ಬಿಚ್ಚಿ ನಿಮ್ಮ ಕೈಯಾರೆ ಬಿಗಿದು ಹೊರಡಿ, 50 ಕಿ.ಮೀ. ಆದ ಮೇಲೆ ಮತ್ತೆ ನೋಡಿ. ಏಳೋಕೆ ಮಡಚುವ ಸಣ್ಣ ಸ್ಟೂಲ್ ಒಂದು ಹಾಕಿಕೊಳ್ಳಿ, ಮಂಡಿಗೆ ಹಳೇ ಯೋಗ ಮ್ಯಾಟ್.

80 ಅಂದಿದ್ದೆನಲ್ಲ, ಅದು ನನಗೆ ಸರಿ ಹೋಗುತ್ತದೆ. ನಿಮಗೆ 65. ವಾದ ಇಲ್ಲ.

ಎಡಗಡೆ_ಸೀಟ್

ಜಾಗ ಕೇಳಿದಿರಲ್ಲ. ಮರೀಯಲ್ಲಿ ಒಂಟೆಯವರು ಕಟ್ಟಿದ ಹಳೇ ಮಸೀದಿಯ ಜಾಗ ಇದೆ. ಇವರನ್ನು ಇಲ್ಲಿ ಅಫ್ಘನ್ನರು ಅಂದರೂ ಬಂದವರಲ್ಲಿ ನಮ್ಮ ಕಡೆಯ, ಬಲೂಚಿಸ್ತಾನ, ಸಿಂಧ್, ಪಂಜಾಬಿನವರೂ ಇದ್ದರು. ಆ ಬಯಲಿಗೆ ನಮಗಿಂತ ನೂರು ವರ್ಷ ಮೊದಲೇ ನಮ್ಮ ಉಪಖಂಡದವರು ಹೋಗಿದ್ದರು ಅಂದ ಹಾಗಾಯಿತು. ಮುಂದೆ ಬಬ್ಲರ್ ಅನ್ನೋ ಬುಗ್ಗೆ. ನೆಲದ ಅಡಿಯ ನೀರು ಮರಳಿನಿಂದ ಗುಳುಗುಳು ಏಳುತ್ತದೆ. ಕವರ್ಡ್ ಸ್ಪ್ರಿಂಗ್ಸ್‌ನಲ್ಲಿ ಬೆಚ್ಚಗಿನ ನೀರಿನ ಸಣ್ಣ ತೊಟ್ಟಿ ಇದೆ, ಮೊಣಕಾಲಿಗೆ ಔಷಧಿ. ಊಡ್ನಡಟ್ಟಾ ಮುಟ್ಟುವ ಮೊದಲು ಆಲ್ಜಿಬಕಿನಾ ಸೇತುವೆ, 578 ಮೀಟರ್ ಉದ್ದ, ರೈಲು ನಿಂತು ಹೋಗಿ 1980ರಿಂದ ಹಾಗೇ ನಿಂತಿದೆ. ಹತ್ತಿ ನಡೆಯಬೇಡಿ, ಕೆಳಗಿನಿಂದ ನೋಡಿ.

ಡಿಸೆಂಬರಿನಲ್ಲಿ ಹೋಗೋಣ ಅಂತ ಯಾರಾದರೂ ಅಂದರೆ ಊಡ್ನಡಟ್ಟಾದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ಬಿಸಿಲಿತ್ತು ಅಂತ ಹೇಳಿ, ಬಾಯಿ ಮುಚ್ಚುತ್ತಾರೆ.

ಧೂಳಿಗೆ ಒಂದು ಉಪಾಯ: ಕಿಟಕಿ ಮುಚ್ಚಿ, ಫ್ಯಾನ್ ಜೋರಾಗಿ, ಹೊರಗಿನ ಗಾಳಿ ಒಳಗೆ ಬರುವ ಹಾಗೆ ಇಡಿ. ಒಳಗೆ ಗಾಳಿಯ ಒತ್ತಡ ಇದ್ದರೆ ಬಾಗಿಲ ಸಂದಿಯಿಂದ ಧೂಳು ನುಗ್ಗಲ್ಲ. ಎದುರಿನ ಗಾಡಿ ದಾಟುವಾಗ ಮಾತ್ರ ಹೊರಗಿನ ಗಾಳಿ ಮುಚ್ಚಿ.

ಗಿಬ್ಬರ್_ಕಲ್ಲು

ಕ್ಯಾರವಾನ್ ಬೇಡ. ಎರಡು ಟೈರ್ ಜಾಸ್ತಿ, ಒಂದು ಸ್ಟೆಪ್ನಿ ಜಾಸ್ತಿ, ಹಿಂದೆ ತೆಗೆಯೋದು ಕಷ್ಟ. ಎಳೆದುಕೊಂಡು ಹೋಗುವವರು ಇದ್ದಾರೆ, ಸ್ಪ್ರಿಂಗ್ ಮುರಿದುಕೊಂಡು ಕೂತವರೂ ಇದ್ದಾರೆ. ಮೂರೂ ಊರಲ್ಲಿ ರೂಮ್ ಸಿಗುತ್ತದೆ, ಮೊದಲೇ ಹೇಳಿಡಿ.

ಅಡಿಲೇಡಿನಿಂದ ಮರೀಗೆ ಒಂದೇ ದಿನದಲ್ಲಿ ಹೋಗಬೇಡಿ. ಹಾಕರ್‌ನಲ್ಲಿ ಒಂದು ರಾತ್ರಿ ಇರಿ. ಯುಎಚ್‌ಎಫ್ ರೇಡಿಯೊವನ್ನು ಲಾರಿಯವರು ಮಾತಾಡುವ 40ನೇ ಚಾನೆಲ್‌ನಲ್ಲಿ ಇಟ್ಟುಕೊಳ್ಳಿ. ರೋಡ್ ಟ್ರೈನ್, ಅಂದರೆ ಹಲವು ಟ್ರೇಲರ್ ಎಳೆಯುವ ಲಾರಿ, ಎದುರು ಬಂದರೆ ಎಡಕ್ಕೆ ಪೂರ್ತಿ ನಿಲ್ಲಿಸಿ, ಧೂಳು ಇಳಿಯುವ ತನಕ ಅಲ್ಲಾಡಬೇಡಿ. 50 ಮೀಟರ್ ಉದ್ದ ಇರುತ್ತವೆ, ಹಿಂದೆ ಇನ್ನೊಂದು ಬರುತ್ತಿರಬಹುದು. ವಿಲಿಯಂ ಕ್ರೀಕ್ ಮುಟ್ಟಿದಾಗ ಸಾಕು ಅನ್ನಿಸಿದರೆ ಮುಂದೆ ಹೋಗಲೇಬೇಕು ಅಂತಿಲ್ಲ. ಅಲ್ಲಿಂದ ಕೂಬರ್ ಪೀಡಿಗೆ 166 ಕಿ.ಮೀ., ಅಲ್ಲಿ ಡಾಂಬರು ಹೆದ್ದಾರಿ. ಸುಮಾರು ಮೂರನೇ ಒಂದು ಭಾಗ ಓಡಿಸಿದರೂ ಓಡಿಸಿದ ಹಾಗೇ.

ಅಡಿಲೇಡ್_ರಾಯರು

ಕ್ಯಾರವಾನ್ ಬಿಟ್ಟೆ. ಹಾಕರ್‌ನಲ್ಲಿ ರೂಮ್ ಹೇಳಿದ್ದೇನೆ. ಡಾಕ್ಟರ್ ಸಾಹೇಬರೇ, ಕಣ್ಣಿನವರು ಪೊರೆ ಈಗಷ್ಟೇ ಶುರು ಅಂದರು. ಹಾಗಾದರೆ ಮಾರ್ಲಾದಿಂದ ಉಲ್ಟಾ ಬರೋದೇ ಒಳ್ಳೆಯದಾ?

ಹಳ್ಳಿ_ವೈದ್ಯ

ಹೌದು. ಹೆದ್ದಾರಿಯಲ್ಲಿ ಮಾರ್ಲಾಗೆ ಹೋಗಿ ಅಲ್ಲಿಂದ ಇಳಿಯಿರಿ. ಹಾಕರ್ ರೂಮನ್ನು ವಾಪಸ್ ಬರುವ ದಿನಕ್ಕೆ ಬದಲಿಸಿಕೊಳ್ಳಿ.